ಶನಿವಾರದ ಪೇಷೆಂಟು

ಅಂದು ಸಂಜೆ ಅಪ್ಪ ಅಂಗಡಿ ಮುಚ್ಚಿ ಮನೆಗೆ ಬಂದಾಗ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದಾಗಿದ್ದರೆ ಆ ನಡಿಗೆ ನೋಡಿದವರೇ ಬಾಗಿಲ ಬಳಿಯ ನೀರಿನ ಕೊಡವನ್ನು ಎತ್ತಿ ಒಳಗಿಡುತ್ತಿದ್ದರು. ಈಗ ಹಾಗಲ್ಲ. ಅಪ್ಪ ಕುಡಿತ ಬಿಟ್ಟು ಮೂರು ವರ್ಷ ನಾಲ್ಕು ತಿಂಗಳಾಗಿತ್ತು. ಈಗ ಅವನು ತೇಲಾಡುವುದೇನಿದ್ದರೂ ಬರೀ ಖುಷಿಗೆ.

"ನನಗೆ ಹೊಸ ಕೆಲಸ ಸಿಕ್ಕಿದೆ," ಎಂದ, ಚಪ್ಪಲಿ ಬಿಡುವ ಮೊದಲೇ.

"ಇರೋ ಕೆಲಸಕ್ಕೇ ಪುರುಸೊತ್ತಿಲ್ಲ," ಎಂದಳು ಅಮ್ಮ ಒಲೆಯ ಮುಂದಿನಿಂದ. "ಎದುರುಮನೆಯವರ ಕಿಟಕಿ ಪರದೆ ನಾಳೆ ಕೊಡ್ತೀನಿ, ನಾಡಿದ್ದು ಕೊಡ್ತೀನಿ ಅಂತ ಎರಡು ವಾರದಿಂದ ಆಟ ಆಡಿಸ್ತಿದ್ದೀರಿ."

"ಇದು ಪೇಷೆಂಟಿನ ಕೆಲಸ ಕಣೇ. ಪ್ರತಿ ಶನಿವಾರ."

ಅಜ್ಜಿ ಮಂಚದ ಮೇಲಿಂದ ತಲೆಯೆತ್ತಿದಳು. "ಪೇಷೆಂಟು ಆಗೋಕೂ ಕರೆದು ಕೆಲಸ ಕೊಡ್ತಾರೇನೋ ಈಗ?"

ಅಪ್ಪ ದರ್ಜಿ. ಮಧ್ಯಾಹ್ನ ಅಂಗಡಿಗೆ ಒಬ್ಬ ದಪ್ಪನೆಯ ಮನುಷ್ಯ ಪ್ಯಾಂಟಿನ ಸೊಂಟ ಸಡಿಲಿಸಲು ಬಂದಿದ್ದನಂತೆ. ಎಷ್ಟು ಸೊಂಟ ಅಂತ ಕೇಳಿದರೆ ಮೂವತ್ತಾರು ಅಂದ. ಅಪ್ಪ ಟೇಪು ಹಿಡಿದ. ಟೇಪು ನಲವತ್ತೊಂದು ಅಂತು. ಅಪ್ಪ ಚೀಟಿಯಲ್ಲಿ ನಲವತ್ತೊಂದು ಬರೆದುಕೊಂಡು, ಬಾಯಲ್ಲಿ ಮಾತ್ರ "ಮೂವತ್ತಾರೇ ಸಾರ್, ಉಸಿರಾಡೋಕೆ ಒಂಚೂರು ಜಾಗ ಬಿಟ್ಟಿರ್ತೀನಿ" ಎಂದ. ಆ ಮನುಷ್ಯ ಕನ್ನಡಿಯಲ್ಲಿ ಅಪ್ಪನ ಮುಖ ನೋಡಿ ಜೋರಾಗಿ ನಕ್ಕುಬಿಟ್ಟ. ಸುಳ್ಳು ಅಂತ ಗೊತ್ತಿದ್ದೂ ಯಾಕೆ ಹೇಳಲಿಲ್ಲ ಅಂತ ಕೇಳಿದ.

"ನಾನಂದೆ, ಸಾರ್, ನಾನು ಹದಿನೇಳು ವರ್ಷ ಇದಕ್ಕಿಂತ ದೊಡ್ಡ ಸುಳ್ಳು ಹೇಳಿದೋನು. ಹೇಳೋನಿಗೆ ಮೊದಲೇ ಗೊತ್ತಿರುತ್ತೆ ಅದು ಸುಳ್ಳು ಅಂತ. ಮೇಲಿಂದ ನಾನೂ ಹೇಳಿದ್ರೆ ಗಿರಾಕಿ ಮತ್ತೆ ಅಂಗಡಿ ಮೆಟ್ಟಿಲು ಹತ್ತಲ್ಲ." ಅಪ್ಪ ಕೈ ತೊಳೆದು ಊಟಕ್ಕೆ ಕೂತ. "ಅಷ್ಟಂದಿದ್ದೇ ತಡ, ಸ್ಟೂಲ್ ಎಳ್ಕೊಂಡು ಒಂದು ಗಂಟೆ ಕೂತ ಪುಣ್ಯಾತ್ಮ. ಕುಡಿತ ಬಿಡಿಸೋ ವಾರ್ಡಿನ ದೊಡ್ಡ ಡಾಕ್ಟ್ರಂತೆ! ಅಲ್ಲಿ ಪೇಷೆಂಟುಗಳನ್ನ ಮಾತಾಡಿಸೋ ಕೆಲಸಕ್ಕೆ ಹೊಸದಾಗಿ ಸೇರಿರೋರು ಏಳು ಜನ ಇದ್ದಾರಂತೆ. ಪುಸ್ತಕ ಎಲ್ಲ ಅರೆದು ಕುಡಿದಿದ್ದಾರೆ, ಪೇಷೆಂಟ್ ಎದುರಿಗೆ ಕೂತರೆ ಮಾತೇ ಹೊರಡಲ್ಲ ಅಂದ್ರು. ನೀವು ಬಂದು ಹಳೇ ಕುಡುಕನ ಥರ ಕೂತ್ಕೊಳ್ಳಿ, ಅವರು ನಿಮ್ಮನ್ನ ಮಾತಾಡಿಸಿ ಕಲೀಲಿ ಅಂದ್ರು."

ಹುರುಳಿಕಾಯಿ ಹೆಚ್ಚುತ್ತಿದ್ದ ಮಗಳ ಚಾಕು ನಿಂತಿತು. ಆ ಏಳು ಜನರಲ್ಲಿ ಅವಳೂ ಒಬ್ಬಳು.

"ನಮ್ಮ ವಾರ್ಡಾ?" ಎಂದಳು.

"ನಿಮ್ಮದೇ ಕಣಮ್ಮ ಇನ್‌ಸ್ಪೆಕ್ಟರಮ್ಮ!" ಎಂದ ಅಪ್ಪ. ಎಲ್ಲಿಗೆ ಹೋಗಿದ್ದೆ, ಯಾರ ಜೊತೆ, ಎಷ್ಟು ಹೊತ್ತಿಗೆ ಬಂದೆ ಎಂದು ದಿನವೂ ಬಾಗಿಲಲ್ಲೇ ವಿಚಾರಣೆ ನಡೆಸುವ ಮಗಳಿಗೆ ಅವನಿಟ್ಟ ಹೆಸರು ಅದು.

"ನಾನು ನಿನ್ನ ಮಗಳು ಅಂತ ಹೇಳಿದ್ಯಾ?"

"ಇಲ್ಲಪ್ಪ. ಅದನ್ನ ನೀನೇ ಹೇಳ್ತೀಯ ಅಂತ ಬಿಟ್ಟೆ."

"ನಾನು ಹೇಳಲ್ಲ. ನೀನೂ ಹೇಳಕೂಡದು. ನೀನು ಹೋಗ್ಲೇಬಾರದು."

ಅಪ್ಪನ ತುತ್ತು ಕೈಯಲ್ಲೇ ಉಳಿಯಿತು. ಮಗಳ ಕಷ್ಟ ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ್ದೇನಲ್ಲ. ಹಳೆಯ ಬೀದಿಯಲ್ಲಿ ಅವಳಿಗೆ ಹೆಸರೇ ಇರಲಿಲ್ಲ, ಕುಡುಕನ ಮಗಳು ಎಂದೇ ಎಲ್ಲರೂ ಕರೆಯುತ್ತಿದ್ದರು. ಶಾಲೆಯಲ್ಲಿ ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಬರೆದೂ ಇಟ್ಟಿದ್ದರು. ಅಪ್ಪ ಬೇರೆ ಊರಿನ ಆಸ್ಪತ್ರೆಯಲ್ಲಿ ಎರಡು ತಿಂಗಳಿದ್ದು ಕುಡಿತ ಬಿಟ್ಟು ಬಂದ ಮೇಲೆ ಇವರು ಮನೆ, ಅಂಗಡಿ ಎರಡನ್ನೂ ಬದಲಾಯಿಸಿ ಇಲ್ಲಿಗೆ ಬಂದರು. ಇಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಬೀದಿಯಲ್ಲಿ ಅವಳು ಟೈಲರ್ ಮಗಳು, ವಾರ್ಡಿನಲ್ಲಿ ಬರೀ ಮೇಡಂ. ಆ ಹೆಸರನ್ನು ಅವಳು ಹೊಸ ಬಟ್ಟೆಯ ಹಾಗೆ ಕಲೆಯಾಗದಂತೆ ಕಾಪಾಡಿಕೊಂಡು ಬಂದಿದ್ದಳು.

ಆದರೆ ಅಪ್ಪನ ಮುಖ ನೋಡಿ ಅವಳಿಗೂ ಕಷ್ಟವಾಯಿತು. ಹದಿನೇಳು ವರ್ಷ ಎಲ್ಲರಿಂದ ಬೈಸಿಕೊಂಡ ವಿದ್ಯೆಗೆ ಈಗ ಯಾರೋ ಕರೆದು ಕುರ್ಚಿ ಕೊಡುತ್ತೇನೆ ಎಂದಿದ್ದರು.

"ಸರಿ, ಬಾ," ಎಂದಳು ಕೊನೆಗೆ. "ಆದರೆ ಅಲ್ಲಿ ನಾನು ನಿನ್ನ ಮಗಳಲ್ಲ. ನೀನು ಯಾರೋ, ನಾನು ಯಾರೋ."

ಅಮ್ಮ ಏನೋ ಹೇಳಲು ಬಾಯಿ ತೆರೆದಳು. ಅಪ್ಪ ಕಣ್ಣಲ್ಲೇ ತಡೆದ.

"ಆಯ್ತು ಮೇಡಂ," ಎಂದ.

ಮೊದಲ ಶನಿವಾರಕ್ಕೆ ಮನೆಯಲ್ಲಿ ನಾಲ್ಕು ದಿನ ಮೊದಲೇ ತಾಲೀಮು ಶುರುವಾಯಿತು. ಅಪ್ಪ ಪೇಷೆಂಟು, ಅಜ್ಜಿ ಡಾಕ್ಟರು. ಅಜ್ಜಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೂತಳು.

"ದಿನಾ ಎಷ್ಟು ಕುಡೀತೀರಿ?"

"ದಿನಾ ಎಲ್ಲಿ ಡಾಕ್ಟ್ರೇ? ಯಾವಾಗಲೋ ಒಂದ್ಸಲ. ಮೈಕೈ ನೋವಿಗೆ."

"ರೀಲು ಬಿಡಬೇಡ ಕಣೋ! ಬೆಳಗ್ಗೆ ಹಲ್ಲುಜ್ಜೋ ಮೊದಲೇ ಬೇಕಿತ್ತು ನಿನಗೆ."

"ಅಮ್ಮಾ, ಡಾಕ್ಟರು ಹಾಗೆಲ್ಲ ಬಯ್ಯಲ್ಲ."

"ನಾನು ಬಯ್ಯೋ ಡಾಕ್ಟರು."

ಅಮ್ಮ ಅನ್ನ ಬಡಿಸುತ್ತ ನಡುವೆ ಬಾಯಿ ಹಾಕಿದಳು. "ಅದೆಲ್ಲ ಇರಲಿ. ಬಾಟ್ಲಿ ಎಲ್ಲಿಡ್ತಿದ್ರಿ? ನಿಜ ಹೇಳಿ. ಮನೆ, ಅಂಗಡಿ ಎಲ್ಲ ಜಾಲಾಡಿದ್ದೆ ನಾನು. ಒಂದು ದಿನಾನೂ ಸಿಕ್ಕಲಿಲ್ಲವಲ್ಲ."

ಅಪ್ಪ ಮೂವರನ್ನೂ ಒಮ್ಮೆ ನೋಡಿದ. "ಗೊಂಬೆ ಹೊಟ್ಟೇಲಿ."

ಹಳೆಯ ಅಂಗಡಿಯಲ್ಲಿ ಹೊಲಿದ ಬಟ್ಟೆ ತೊಡಿಸಿ ನೋಡಲು ಒಂದು ತಲೆಯಿಲ್ಲದ ಗೊಂಬೆ ಇತ್ತು. ಅಪ್ಪ ಅದರ ಬೆನ್ನಿನ ಹೊಲಿಗೆ ಬಿಚ್ಚಿ, ಒಳಗಿನ ಹತ್ತಿ ತೆಗೆದು, ಹೊರಗೆ ಯಾರಿಗೂ ಕಾಣದ ಹಾಗೆ ನಾಲ್ಕು ಕೊಕ್ಕೆ ಹಾಕಿದ್ದನಂತೆ.

"ಪ್ರತಿ ಸೋಮವಾರ ಅದನ್ನ ಒರೆಸ್ತಿದ್ದೋಳು ನಾನೇ ಅಲ್ವೇನ್ರೀ!"

"ನೀನು ಒರೆಸೋವಾಗೆಲ್ಲ ನನ್ನ ಜೀವ ಬಾಯಿಗೆ ಬಂದಿರ್ತಿತ್ತು. ಒಂದ್ಸಲ ಅದರ ಹೊಟ್ಟೆ ತಟ್ಟಿ, ಇದಕ್ಕೇನು ನಿಮಗಿಂತ ಚೆನ್ನಾಗಿ ಮೈ ಬಂದಿದೆ ಅಂದಿದ್ದೆ."

ಅಮ್ಮ ಸೌಟು ಕೆಳಗಿಟ್ಟು ನಕ್ಕಳು. ಅಜ್ಜಿಗೆ ನಕ್ಕು ನಕ್ಕು ನೀರು ನೆತ್ತಿಗೇರಿತು. ಮುಖ ಗಂಟಿಕ್ಕಿಕೊಂಡಿದ್ದ ಮಗಳೂ ತಡೆಯಲಾರದೆ ನಕ್ಕಳು. ಆ ಮನೆಯಲ್ಲಿ ಕುಡಿತದ ಮಾತೆತ್ತಿ ನಾಲ್ವರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಮಾರನೆಯ ಬೆಳಗ್ಗೆ ಅಮ್ಮ ಚಹದ ಲೋಟವನ್ನು ಅಪ್ಪನ ಮುಂದೆ ಕುಕ್ಕಿದಳು. ಮಾತಿಲ್ಲ.

"ಏನಾಯ್ತೇ?"

"ನಿನ್ನೆ ನಗು ಬಂತು. ಬೆಳಗ್ಗೆ ಎದ್ದ ಮೇಲೆ ನೆನಪಾಯ್ತು, ಆ ಗೊಂಬೆ ಒರೆಸ್ತಾ ಎಷ್ಟೋ ಸಲ ಅತ್ತಿದ್ದೆ ನಾನು. ಅದರ ಹೊಟ್ಟೇಲಿ ಅದೇ ಇತ್ತಾ?"

ತಪ್ಪಾಯ್ತು ಎನ್ನುವ ಮಾತನ್ನು ಅಪ್ಪ ಕುಡಿಯುವ ಕಾಲದಲ್ಲಿ ಸವೆಯುವಷ್ಟು ಬಳಸಿಬಿಟ್ಟಿದ್ದ. ಎದ್ದು ಪಾತ್ರೆ ತೊಳೆಯಲು ಕೂತ. ಆ ವಾರ ಪೂರ್ತಿ ಎರಡು ಹೊತ್ತೂ ಪಾತ್ರೆ ಅವನೇ ತೊಳೆದ. ಐದನೆಯ ದಿನ ಅಮ್ಮ ಬಂದು ಹಿಂದೆ ನಿಂತು, "ತಳ ಸರಿಯಾಗಿ ಉಜ್ಜಿ," ಎಂದಳು. ಸದ್ಯ, ಮಾತು ಬಂತು ಎಂದು ಮನೆಯವರೆಲ್ಲ ಉಸಿರು ಬಿಟ್ಟರು.

ಶನಿವಾರಗಳು ಬಂದವು. ಮಗಳು ಎಂಟೂವರೆಯ ಬಸ್ಸಿಗೆ ಹೊರಟರೆ ಅಪ್ಪ ಒಂಬತ್ತರ ಬಸ್ಸಿಗೆ. ಇಬ್ಬರ ಡಬ್ಬಿಯಲ್ಲೂ ಒಂದೇ ಅಡುಗೆ ಇರಕೂಡದು ಎಂಬುದು ಮಗಳ ಹೊಸ ಕಾನೂನು.

"ಎರಡೆರಡು ಪಲ್ಯ ಮಾಡೋಕೆ ನಾನೇನು ಹೋಟೆಲ್ ಇಟ್ಟಿದ್ದೀನಾ?" ಎಂದು ಅಮ್ಮ ಗೊಣಗಿದಳು. ಆದರೂ ಮಾಡಿದಳು. ಅಪ್ಪನಿಗೆ ಆಲೂಗಡ್ಡೆ, ಮಗಳಿಗೆ ಎಲೆಕೋಸು.

ಅಪ್ಪನಿಗೆ ಎಲೆಕೋಸೆಂದರೆ ಪ್ರಾಣ. ವಾರ್ಡಿನ ಊಟದ ಕೋಣೆಯಲ್ಲಿ ಏಳು ಜನ ಹೊಸಬರ ನಡುವೆ ಕೂತು, ಮಗಳ ಡಬ್ಬಿಗೆ ಸೀದಾ ಚಮಚ ಹಾಕಿದ. "ಮೇಡಂ, ನಿಮ್ಮ ಮನೆ ಅಡುಗೆ ಬಹಳ ಚೆನ್ನಾಗಿದೆ. ಯಾರು ಮಾಡ್ತಾರೆ?"

"ನಮ್ಮಮ್ಮ," ಎಂದಳು ಮಗಳು ಹಲ್ಲು ಕಚ್ಚಿ.

"ಪುಣ್ಯವಂತರು ನಿಮ್ಮ ತಂದೆ."

ಮಗಳಿಗೆ ತುತ್ತು ಗಂಟಲಲ್ಲಿ ಸಿಕ್ಕಿತು. ವಾರ್ಡಿನ ದೊಡ್ಡ ಸಿಸ್ಟರು ಎದ್ದು ಅವಳ ಬೆನ್ನು ತಟ್ಟಿ ನೀರು ಕೊಟ್ಟರು.

ಅಪ್ಪ ಆ ಕುರ್ಚಿಯಲ್ಲಿ ಕೂತು ಒಬ್ಬೊಬ್ಬರಾಗಿ ಹೊಸಬರಿಗೆ ನೀರು ಕುಡಿಸಿದ. ಒಬ್ಬ ಹುಡುಗ ಪುಸ್ತಕದಲ್ಲಿದ್ದ ಹಾಗೆ ಕೇಳುತ್ತ ಹೋದ. ಅಪ್ಪ ಎಲ್ಲದಕ್ಕೂ ಅವನಿಗೆ ಬೇಕಾದ ಉತ್ತರವನ್ನೇ ಕೊಟ್ಟು, ಕೊನೆಗೆ, "ನೀವು ಕೇಳೋ ಮೊದಲೇ ತಲೆ ಆಡಿಸ್ತಿದ್ರಿ, ಅದಕ್ಕೇ ಹೌದು ಹೌದು ಅಂದೆ ಸಾರ್. ಒಂದೂ ನಿಜ ಅಲ್ಲ," ಎಂದ. ಇನ್ನೊಬ್ಬಳು ಮೊದಲ ಮಾತಿಗೇ ಹೆಂಡತಿ ಮಕ್ಕಳ ಗತಿ ಏನು ಎಂದು ಕೇಳಿದಳು. ಅಪ್ಪ ಎದ್ದು ಹೊರಗೆ ಹೋಗಿಬಿಟ್ಟ. ಐದು ನಿಮಿಷದ ಮೇಲೆ ಬಂದು ಅವಳ ಹತ್ತಿರ ಮೆಲ್ಲಗೆ ಹೇಳಿದ: "ಆ ಮಾತು ನಾನು ಬೆಳಗ್ಗೆಯಿಂದ ನನಗೇ ನೂರು ಸಲ ಕೇಳ್ಕೊಂಡಿರ್ತೀನಮ್ಮ. ನೀವು ನೂರಾ ಒಂದನೇದು ಕೇಳಿದ್ರೆ ನಾನು ಎಲ್ಲಿಗೆ ಹೋಗ್ತೀನಿ ಹೇಳಿ? ಸಾರಾಯಿ ಅಂಗಡಿಗೇ." ಡಾಕ್ಟರು ಗೋಡೆಗೆ ಒರಗಿ ನಿಂತು, ಬರೆದುಕೊಳ್ಳಿ ಬರೆದುಕೊಳ್ಳಿ ಎಂದು ಕೈ ಸನ್ನೆ ಮಾಡಿದರು. ಮೂರನೆಯ ವಾರಕ್ಕೆ ಎಲ್ಲರೂ ಅಪ್ಪನನ್ನು ಮೇಷ್ಟ್ರೇ ಎಂದು ಕರೆಯತೊಡಗಿದರು.

ನಿಜವಾದ ಪೇಷೆಂಟುಗಳು ಮಾತ್ರ ಮಗಳ ಹತ್ತಿರ ಬಾಯಿ ಬಿಡುತ್ತಿರಲಿಲ್ಲ. ನಾಲ್ಕನೆಯ ಹಾಸಿಗೆಯಲ್ಲಿ ಒಬ್ಬ ಲಾರಿ ಡ್ರೈವರಿದ್ದ. ಅವಳು ಫಾರಂ ಹಿಡಿದು ಕೇಳಿದ್ದಕ್ಕೆಲ್ಲ ಮೂರು ವಾರದಿಂದ ಅವನದು ಒಂದೇ ಉತ್ತರ: ಇಲ್ಲ. ಒಂದು ಶನಿವಾರ ಮಧ್ಯಾಹ್ನ ಅವಳು ಬಾಗಿಲಿಗೆ ಬಂದು ನೋಡುತ್ತಾಳೆ, ಅಪ್ಪ ಅವನ ಹಾಸಿಗೆಯ ತುದಿಯಲ್ಲಿ ಕೂತಿದ್ದಾನೆ, ಡ್ರೈವರು ಮೂಗೊರೆಸಿಕೊಳ್ಳುತ್ತ ಒಂದೇ ಸಮ ಮಾತಾಡುತ್ತಿದ್ದಾನೆ.

"ನಿನಗೆ ಹೇಗೆ ಹೇಳಿದ ಅವನು?" ಸಂಜೆ ಬಾಗಿಲಲ್ಲೇ ವಿಚಾರಣೆ. "ಏನು ಕೇಳಿದೆ ನೀನು?"

"ಏನೂ ಕೇಳಲಿಲ್ಲ. ಶರ್ಟಿನ ಗುಂಡಿ ಕಿತ್ತುಹೋಗಿತ್ತು. ಹೊಲಿದು ಕೊಟ್ಟೆ."

"ಏನು ಹೇಳಿದ?"

"ಅದು ಅವನದು. ಅವನನ್ನೇ ಕೇಳು. ಆದರೆ ಆ ಫಾರಂ ಎದೆಗೆ ಅಡ್ಡ ಹಿಡ್ಕೊಂಡು ಹೋಗಬೇಡ, ಸಮನ್ಸ್ ತಂದಿರೋಳ ಥರ ಕಾಣ್ತೀಯ."

ಮಗಳು ಆ ದಿನ ಊಟಕ್ಕೆ ಏಳಲಿಲ್ಲ. ಅಮ್ಮ ತಟ್ಟೆಯನ್ನು ಅವಳ ಕೋಣೆಗೆ ಕೊಂಡುಹೋಗಿ ಇಟ್ಟು, ಅರ್ಧ ಗಂಟೆ ಬಿಟ್ಟು ಖಾಲಿ ತಟ್ಟೆ ತಂದಳು. ಸಿಟ್ಟು ಸಿಟ್ಟೇ, ಹಸಿವು ಹಸಿವೇ.

ನಾಲ್ಕನೆಯ ಶನಿವಾರ ಅಪ್ಪ ನಗುತ್ತಲೇ ಮನೆಗೆ ಬಂದ. "ನಮ್ಮ ಅಂಗಡಿ ಮುಚ್ಚಿಹೋಯ್ತಂತೆ, ಗೊತ್ತೇನೇ?"

ಆದದ್ದಿಷ್ಟು. ದೊಡ್ಡ ಸಿಸ್ಟರಿಗೆ ಒಂದು ಕೋಟು ಹೊಲಿಸಬೇಕಿತ್ತು. ಮೇಷ್ಟ್ರ ಅಂಗಡಿ ನಿಮ್ಮ ಮನೆ ಕಡೆಯಂತಲ್ಲ, ಎಲ್ಲಿ ಬರುತ್ತೆ ಅಂತ ಮಗಳನ್ನು ಕೇಳಿದ್ದರು. ಅಂಗಡಿಯ ಮೇಲೇ ಮನೆ. ಬಂದರೆ ಮೆಟ್ಟಿಲ ಮೇಲೆ ತಾನೇ ಕಾಣಿಸುತ್ತೇನೆ ಎಂದು ಹೆದರಿ, ಮಗಳು ಆ ಅಂಗಡಿ ಮುಚ್ಚಿದೆಯಂತೆ ಎಂದುಬಿಟ್ಟಿದ್ದಳು.

ಅಪ್ಪ ನಕ್ಕ. ಅಮ್ಮ ನಗಲಿಲ್ಲ.

"ಇವರು ಕುಡೀತಿದ್ದಾಗ ನಾನು ಊರಿಗೆಲ್ಲ ಸುಳ್ಳು ಹೇಳಿದೆ," ಎಂದಳು ಮಗಳಿಗೆ. "ಹುಷಾರಿಲ್ಲ, ಊರಲ್ಲಿಲ್ಲ, ಮಲಗಿದ್ದಾರೆ, ನಾಳೆ ಬನ್ನಿ. ಬಿಟ್ಟ ದಿನ ಅಂದುಕೊಂಡೆ, ಸದ್ಯ, ಇನ್ನು ಸುಳ್ಳು ಹೇಳೋ ಕೆಲಸ ಮುಗೀತು ಅಂತ. ಈಗ ಬಿಟ್ಟ ಮೇಲೂ ಸುಳ್ಳು ಹೇಳಿಸ್ತಿದ್ದೀಯಲ್ಲೇ ನೀನು!"

"ನಿನ್ನನ್ನ ಯಾರೂ ಬೆಂಚಿನ ಮೇಲೆ ಬರೆದು ಆಡ್ಕೊಳ್ಳಲಿಲ್ಲ ಅಮ್ಮ."

"ಇಲ್ಲ. ನನ್ನನ್ನ ಎದುರಿಗೇ ಆಡ್ಕೊಂಡ್ರು."

"ಅಲ್ಲಿ ಗೊತ್ತಾದ್ರೆ ಎಲ್ಲರೂ ನನ್ನ ಮುಖ ನೋಡೋ ರೀತಿನೇ ಬೇರೆ ಆಗುತ್ತೆ. ನಿಮಗದು ಅರ್ಥ ಆಗಲ್ಲ. ಹೇಳ್ತೀನಿ, ಈಗ ಬೇಡ. ಇನ್ನೊಂದೆರಡು ವಾರ. ನಾನೇ ಹೇಳ್ತೀನಿ."

ಮಂಚದ ಮೇಲಿಂದ ಅಜ್ಜಿಯ ದನಿ ಬಂತು. "ಇವನೂ ಹಾಗೇ ಅಂತಿದ್ದ. ಇನ್ನೊಂದೆರಡು ವಾರ, ನಾನೇ ಬಿಡ್ತೀನಿ ಅಂತ."

ಮಗಳಿಗೆ ಮೈ ಉರಿಯಿತು. ಎದ್ದು, ಒಣಗಿದ ಬಟ್ಟೆ ತರುವ ನೆಪದಲ್ಲಿ ತಾರಸಿಗೆ ಹೋದಳು. ಬಟ್ಟೆ ಅಮ್ಮ ಆಗಲೇ ತಂದು ಮಡಚಿಟ್ಟಾಗಿತ್ತು. ಖಾಲಿ ತಂತಿಯ ಕೆಳಗೆ ಸುಮ್ಮನೆ ನಿಂತು, ಸಿಟ್ಟು ಇಳಿದ ಮೇಲೆ ಬರಿಗೈಯಲ್ಲಿ ಇಳಿದು ಬಂದಳು.

ಐದನೆಯ ಶನಿವಾರ ಅವಳ ಸರದಿ. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಉಳಿದ ಆರು ಜನರದೂ ಮುಗಿದಿತ್ತು. ಅವರೆಲ್ಲ ಸುತ್ತ ಕೂತಿದ್ದರು. ಡಾಕ್ಟರು ಸಡಿಲಗೊಂಡ ಪ್ಯಾಂಟಿನಲ್ಲಿ ಹಾಯಾಗಿ ಕಿಟಕಿಯ ಹತ್ತಿರ ಕೂತಿದ್ದರು. ದೊಡ್ಡ ಸಿಸ್ಟರು ಬಾಗಿಲಲ್ಲಿ ನಿಂತಿದ್ದರು. ನಡುವೆ ಎರಡು ಕುರ್ಚಿ, ಒಂದು ಮೇಜು. ಅಪ್ಪ ಕೈಕಟ್ಟಿ, ಹೆಗಲು ಇಳಿಬಿಟ್ಟು, ಹಳೆಯ ಅಪ್ಪನ ಹಾಗೇ ಕೂತಿದ್ದ. ಅದನ್ನು ನೋಡಿದ್ದೇ ಅವಳು ಫಾರಂ ಎದೆಗೆ ಅಡ್ಡ ಹಿಡಿದು ಕೂತಳು.

"ಕುಡೀತೀರಾ?"

"ಇಲ್ಲ ಮೇಡಂ. ಯಾವಾಗಲೋ ಒಂದ್ಸಲ."

"ಯಾವಾಗಲೋ ಅಂದ್ರೆ? ಬೆಳಗ್ಗೆ ಹಲ್ಲುಜ್ಜೋ ಮೊದಲಾ, ಆಮೇಲಾ?"

ಹೊಸಬರು ಒಬ್ಬರ ಮುಖ ಒಬ್ಬರು ನೋಡಿದರು. ಅವಳು ನಿಲ್ಲಿಸಲಿಲ್ಲ. ಅಪ್ಪ ಒಂದು ಸುಳ್ಳು ಹೇಳುವುದು, ಅವಳು ಅದನ್ನು ಹಿಡಿದು ಎಳೆಯುವುದು. ಮೈಕೈ ನೋವೆಂದರೆ ಯಾವ ಕೈ ಎಂದು ಕೇಳಿದಳು. ಗೆಳೆಯರು ಬಲವಂತ ಮಾಡಿದರು ಎಂದರೆ ಒಬ್ಬೊಬ್ಬರ ಹೆಸರು ಹೇಳಿ ಎಂದಳು. ಇಷ್ಟು ವರ್ಷದಿಂದ ಕೇಳಬೇಕೆಂದು ಇದ್ದದ್ದನ್ನೆಲ್ಲ ಅವಳು ಈಗ ನೀವು ತಾವು ಹಚ್ಚಿ ಕೇಳುತ್ತಿದ್ದಳು.

"ಬಾಟ್ಲಿ ಎಲ್ಲಿಡ್ತೀರಿ?"

"ಎಲ್ಲೂ ಇಲ್ಲ ಮೇಡಂ. ನಿಮ್ಮಾಣೆ."

"ಮತ್ತೆ ಗೊಂಬೆ ಹೊಟ್ಟೇಲಿ ಇರೋದೇನು?"

ಗೊಂಬೆಯ ಸುದ್ದಿ ವಾರ್ಡಿನಲ್ಲಿ ಅಪ್ಪ ಎಂದೂ ಎತ್ತಿರಲಿಲ್ಲ. ಮಾತು ಬಾಯಿಂದ ಜಾರಿದ ಮೇಲೆ ಅವಳಿಗದು ತಿಳಿಯಿತು.

"ಯಾವ ಗೊಂಬೆ?" ಎಂದ ಪಕ್ಕದ ಹುಡುಗ.

"ಅದು... ನಮ್ಮ ಅಂಗಡಿದು," ಎಂದ ಅಪ್ಪ ತಟ್ಟನೆ, ಫ್ಯಾನು ನೋಡುತ್ತ. "ಹೋದ ವಾರ ಹೊರಗೆ ಚಹ ಕುಡಿಯೋವಾಗ ಈ ಮೇಡಂ ಹತ್ತಿರ ಹೇಳಿದ್ದೆ. ಮೇಡಂಗೆ ನೆನಪು ಬಹಳ ಚೆನ್ನಾಗಿದೆ."

ಅವಳನ್ನು ಅಪ್ಪ ದಾಟಿಸಿಬಿಟ್ಟಿದ್ದ. ಅವಳು ಫಾರಂ ಮೇಲೆ ಕಣ್ಣಿಟ್ಟು, ಅದರಲ್ಲಿ ಮುಂದೆ ಏನಿದೆಯೋ ಅದನ್ನೇ ಗಡಿಬಿಡಿಯಲ್ಲಿ ಓದಿದಳು.

"ಮಕ್ಕಳೆಷ್ಟು?"

ಅಪ್ಪ ಮತ್ತೆ ಫ್ಯಾನಿನ ಕಡೆ ನೋಡಿದ.

"ಮಕ್ಕಳಿಲ್ಲ ಮೇಡಂ," ಎಂದ.

ಅವಳು ಪೆನ್ನು ಹಿಡಿದಳು. ಇಲ್ಲ ಎಂದು ಬರೆಯಬೇಕಿತ್ತು. ಎರಡೇ ಅಕ್ಷರ. ಕೈ ಏಳಲಿಲ್ಲ. ಈ ಮನುಷ್ಯ ಹದಿನೇಳು ವರ್ಷ ಹೇಳಿದ ಸುಳ್ಳಿನಲ್ಲಿ ಇಷ್ಟು ದೊಡ್ಡದು ಒಂದೂ ಇರಲಿಲ್ಲ. ಇದನ್ನು ಹೇಳಿಸಿದ್ದು ಬಾಟಲಿಯೂ ಅಲ್ಲ, ಅವಳು. ಅವನು ಅದನ್ನು ಎಷ್ಟು ಮೆತ್ತಗೆ ಹೇಳಿದನೆಂದರೆ, ಅವಳಿಗೆ ನೋವಾಗದ ಹಾಗೆ ಹೇಳಲು ನೋಡಿದಂತಿತ್ತು.

"ಸುಳ್ಳು," ಎಂದಳು. "ಒಬ್ಬಳು ಮಗಳಿದ್ದಾಳೆ. ನಾನೇ. ಇವರು ನಮ್ಮಪ್ಪ."

ಯಾರಾದರೂ ಅಯ್ಯೋ ಎನ್ನುತ್ತಾರೆ ಎಂದು ಕಾದಳು. ಯಾರೂ ಅನ್ನಲಿಲ್ಲ. ಬಾಗಿಲಲ್ಲಿದ್ದ ದೊಡ್ಡ ಸಿಸ್ಟರು ಮಾತ್ರ ದೊಡ್ಡದೊಂದು ಉಸಿರು ಬಿಟ್ಟು, "ಅಬ್ಬ, ಅಂತೂ ಹೇಳಿದ್ಯಲ್ಲ ತಾಯಿ!" ಎಂದರು.

"ನಿಮಗೆ ಗೊತ್ತಿತ್ತಾ?"

"ಎರಡನೇ ವಾರದಿಂದ ಗೊತ್ತು. ಸುಳ್ಳು ಹೇಳೋವಾಗ ಇಬ್ಬರೂ ಫ್ಯಾನು ನೋಡ್ತೀರಿ. ಅಂಗಡಿ ಮುಚ್ಚಿದೆ ಅಂದಾಗ ಆ ಫ್ಯಾನ್ ತಿರುಗ್ತಾನೂ ಇರಲಿಲ್ಲ, ಏನು ನೋಡ್ತಿದ್ದೆ ಅಲ್ಲಿ? ಅದಿರಲಿ, ನಿಮ್ಮಪ್ಪ ಯಾರ ಡಬ್ಬಿಗೂ ಕೈ ಹಾಕೋರಲ್ಲ, ನಿನ್ನ ಡಬ್ಬಿ ಕಂಡ್ರೆ ಮಾತ್ರ ತಮ್ಮದೇ ಅನ್ನೋ ಹಾಗೆ ಚಮಚ ಇಳಿಸ್ತಿದ್ರು."

"ನಮಗೆಲ್ಲರಿಗೂ ಗೊತ್ತಿತ್ತು," ಎಂದ ಪಕ್ಕದ ಹುಡುಗ ನಾಚಿಕೊಂಡು. "ಆದರೂ ಗೊಂಬೆ ನಿಜವಾಗ್ಲೂ ಯಾವುದು ಅಂತ ಗೊತ್ತಾಗಲಿಲ್ಲ."

ಕೋಣೆಯೆಲ್ಲ ನಗೆ. ಅಪ್ಪ ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದ. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಇಷ್ಟು ವಾರ ಎರಡು ಬಸ್ಸು, ಎರಡು ಪಲ್ಯ ಎಂದು ಮನೆಮಂದಿಯನ್ನೆಲ್ಲ ಗೋಳು ಹೊಯ್ದುಕೊಂಡದ್ದು ಯಾರಿಂದ ಮುಚ್ಚಿಡಲು?

"ಗೊತ್ತಿದ್ರೆ ಒಂದು ಮಾತು ಯಾಕೆ ಕೇಳಲಿಲ್ಲ ಸಾರ್?" ಎಂದಳು ಡಾಕ್ಟರಿಗೆ.

"ಕೇಳಿದ್ದಿದ್ರೆ ಏನಂತಿದ್ರಿ?"

ಅವಳು ಯೋಚಿಸಿದಳು. "ಇಲ್ಲ ಅಂತಿದ್ದೆ. ಆಮೇಲೆ ನಿಮ್ಮ ಕಣ್ಣಿಗೇ ಬೀಳ್ತಿರಲಿಲ್ಲ. ರಜೆ ಹಾಕಿ ಮನೇಲಿ ಕೂತಿರ್ತಿದ್ದೆ."

ಡಾಕ್ಟರು ಉಳಿದವರ ಕಡೆ ತಿರುಗಿದರು. "ಇದನ್ನ ಬರ್ಕೊಳ್ಳಿ. ನಾಲ್ಕನೇ ಹಾಸಿಗೆಯೋನು ಯಾಕೆ ಇಲ್ಲ ಇಲ್ಲ ಅಂತಾನೆ ಅಂತ ಇನ್ನು ಇವರು ನಿಮಗೆ ಹೇಳಿಕೊಡ್ತಾರೆ." ಆಮೇಲೆ ಅವಳಿಗೆ, "ಮುಗಿದಿಲ್ಲಮ್ಮ. ಇನ್ನೂ ಹತ್ತು ನಿಮಿಷ ಇದೆ. ಕೂತ್ಕೊಂಡು ಕೇಳಿ," ಎಂದರು.

ಅವಳು ಫಾರಂ ಮಗುಚಿ ಇಟ್ಟಳು. ಅಪ್ಪನ ಮುಖ ನೋಡಿದಳು. ಅವನು ಎಷ್ಟು ಕುಡಿದ, ಎಲ್ಲಿ ಕುಡಿದ, ಯಾರ ಜೊತೆ ಕುಡಿದ ಎಂಬುದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಕುಡಿಯದೆ ಇದ್ದುದರ ಬಗ್ಗೆ ಅವಳು ಎಂದೂ ಏನೂ ಕೇಳಿರಲಿಲ್ಲ.

"ಅಪ್ಪಾ, ನೀನು ಮೊಟ್ಟಮೊದಲು ಬಿಡೋಕೆ ನೋಡಿದ್ದು ಯಾವಾಗ?"

ಅಪ್ಪನ ನಗು ನಿಂತಿತು. ಈ ಸಲ ಅವನು ಫ್ಯಾನು ನೋಡಲಿಲ್ಲ.

"ನೀನು ಮೂರನೇ ಕ್ಲಾಸಲ್ಲಿದ್ದೆ," ಎಂದ. "ನಾಲ್ಕು ದಿನ ಕುಡಿಯದೆ ಇದ್ದೆ. ಮೈಯೆಲ್ಲ ನಡುಕ, ಬೆವರು. ಕತ್ತರಿ ಹಿಡಿಯೋಕೆ ಆಗ್ತಿರಲಿಲ್ಲ. ಜ್ವರ ಅಂತ ಮಲಗಿದ್ದೆ."

ಅವಳಿಗೆ ಆ ಜ್ವರ ನೆನಪಿತ್ತು. ಅಪ್ಪನಿಗೆ ಆಗಾಗ ಬರುತ್ತಿದ್ದ, 'ಮೂರು ದಿನದ ಜ್ವರ' ಎಂದು ಮನೆಯಲ್ಲೇ ಹೆಸರಾಗಿದ್ದ ಜ್ವರ. ಹಾಳು ಮೈ ಎಂದು ಅಜ್ಜಿ ಗೊಣಗುತ್ತಿದ್ದದ್ದು, ಕಂಬಳಿಯೊಳಗಿಂದ ಅಪ್ಪ ಹಲ್ಲು ಕಡಿಯುತ್ತಿದ್ದ ಸದ್ದು.

"ಎಲ್ಲಾ ಜ್ವರಾನೂ?"

"ಎಲ್ಲಾನೂ. ಏಳು ಸಲ. ನಿನ್ನ ದೊಡ್ಡ ಪರೀಕ್ಷೆ ಹೊತ್ತಲ್ಲಿ ಒಂಬತ್ತು ದಿನ ಇದ್ದೆ, ಅದೇ ಜಾಸ್ತಿ."

"ಹಾಗೆ ಒಬ್ಬರೇ ಒಂದೇಟಿಗೆ ನಿಲ್ಲಿಸಿದ್ರೆ ಪ್ರಾಣಕ್ಕೇ ಅಪಾಯ ಮೇಷ್ಟ್ರೇ," ಎಂದರು ಡಾಕ್ಟರು ಗಂಭೀರವಾಗಿ. "ಆಸ್ಪತ್ರೆಗೆ ಬರಬೇಕಿತ್ತು."

"ಗೊತ್ತಿರಲಿಲ್ಲ ಸಾರ್. ಯಾರನ್ನಾದ್ರೂ ಕೇಳಿದ್ರೆ ಬಿಡ್ತಿದ್ದೀನಿ ಅಂತ ಗೊತ್ತಾಗಿಬಿಡುತ್ತಲ್ಲ."

ಈ ಸಲ ಯಾರೂ ಬರೆದುಕೊಳ್ಳಲಿಲ್ಲ. ಪೆನ್ನು ಕೈಯಲ್ಲಿ ಹಿಡಿದು ಕೂತಿದ್ದರು.

ಆ ಸಂಜೆ ತಂದೆ ಮಗಳು ಜೊತೆಯಾಗಿ ಮನೆಗೆ ಬಂದದ್ದು ನೋಡಿ ಅಮ್ಮನಿಗೆ ಅರ್ಧ ಕಥೆ ಬಾಗಿಲಲ್ಲೇ ಅರ್ಥವಾಯಿತು. ಉಳಿದರ್ಧವನ್ನು ಮಗಳು ಊಟದ ಹೊತ್ತಿಗೆ ಹೇಳಿದಳು. ಫ್ಯಾನಿನ ಕಥೆ ಕೇಳಿ ಅಜ್ಜಿ ಮಂಚದಿಂದ ಉರುಳುವುದೊಂದು ಬಾಕಿ. ಜ್ವರದ ಕಥೆಗೆ ಬಂದಾಗ ಎಲ್ಲರ ನಗುವೂ ಇಳಿಯಿತು.

"ಆ ಜ್ವರಕ್ಕೆ ಕಷಾಯ ಕುದಿಸಿ ಕುದಿಸಿ ನನ್ನ ಕೈ ಸವೆಯಿತಲ್ಲೋ!" ಎಂದಳು ಅಜ್ಜಿ. "ಕೆಲಸ ಮಾಡ್ತಿಲ್ಲ, ಹಳೇ ಬೇರು ಕೊಟ್ಟಿದ್ದೀಯ ಅಂತ ಗಿಡಮೂಲಿಕೆ ಅಂಗಡಿಯವನ ಜೊತೆ ಬೀದಿಲಿ ನಿಂತು ಜಗಳ ಆಡಿದ್ದೆ. ಪಾಪ, ಅವನಿಗೆ ಹಿಡಿಶಾಪ ಹಾಕಿಬಿಟ್ಟಿದ್ದೆ."

ಅಮ್ಮ ಸೌಟು ಹಿಡಿದು ಹಾಗೇ ನಿಂತಿದ್ದಳು.

"ಏಳು ಸಲನಾ?" ಎಂದಳು ಆಮೇಲೆ.

"ಏಳು."

"ನನಗೆ ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ?"

"ಹೇಳಿ ಸೋತ್ರೆ ನಿನಗೂ ಸೋಲು ಆಗ್ತಿತ್ತು ಕಣೇ. ಜ್ವರ ಅಂದ್ರೆ ಬರೀ ಜ್ವರ, ವಾಸಿ ಆಯ್ತು ಅಂತ ಎದ್ದು ಹೋಗಬಹುದಿತ್ತು."

"ಇಷ್ಟು ದಿನ ನಾನು ಒಂದ್ಸಲ ಬಿಟ್ಟೋರ ಹೆಂಡತಿ ಅಂತ ಜಂಬ ಪಡ್ತಿದ್ದೆ." ಅಮ್ಮ ಬಿಡಲಿಲ್ಲ. "ಎಂಟು ಸಲ ಬಿಟ್ಟೋರು ಅಂತ ಈಗ ಹೇಳ್ತೀರಿ. ಇದನ್ನ ನಾನು ಯಾರ ಹತ್ತಿರ ಹೇಳ್ಕೊಳ್ಳಲಿ?"

"ಶನಿವಾರ ಬಾ ಅಮ್ಮ," ಎಂದಳು ಮಗಳು. "ಮನೆಯವರು ಯಾರಾದ್ರೂ ಬಂದು ಮಾತಾಡಿದ್ರೆ ಒಳ್ಳೇದು ಅಂತ ಡಾಕ್ಟರು ಇವತ್ತೇ ಹೇಳಿದ್ರು. ನನ್ನ ಜೊತೆ ಬಾ. ಎಲ್ಲರಿಗೂ ನಾನೇ ಪರಿಚಯ ಮಾಡಿಸ್ತೀನಿ, ನಮ್ಮಮ್ಮ ಅಂತ."

"ಬರ್ತೀನಿ. ಯಾಕೆ ಬರಲ್ಲ?"

"ನನ್ನನ್ನೂ ಕರ್ಕೊಂಡು ಹೋಗಿ," ಎಂದಳು ಅಜ್ಜಿ. "ಆ ಡಾಕ್ಟ್ರಿಗೆ ಬಯ್ಯೋದು ಹೇಗೆ ಅಂತ ತೋರಿಸಿಕೊಡ್ತೀನಿ."

ಎಲ್ಲರೂ ನಕ್ಕರು. ಅಪ್ಪ ನಗುತ್ತಲೇ ಇನ್ನೊಂದು ಸೌಟಿಗೆಂದು ತಟ್ಟೆ ಮುಂದೆ ಒಡ್ಡಿದ. ಅಮ್ಮ ಬಡಿಸಲಿಲ್ಲ. ಸೌಟು ಬದಿಗಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಾಗಿ ಅವನ ಹಣೆಯ ಮೇಲೆ ಅಂಗೈ ಇಟ್ಟಳು.

"ಜ್ವರ ಇಲ್ಲ ಕಣೇ," ಎಂದ ಅಪ್ಪ.

"ಗೊತ್ತು. ಸುಮ್ನಿರಿ," ಎಂದಳು ಅಮ್ಮ. ಕೈ ತೆಗೆಯಲಿಲ್ಲ.